ನೋಡುವವರು

ಬಟ್ಟೆಯ ಹಂಗಿಲ್ಲದೆ ಓಡಾಡುವ ಆ ಕೆರಿಬಿಯನ್ ರೆಸಾರ್ಟಿಗೆ ಶ್ರೀಕಂಠ, ಮಂದಾಕಿನಿ ದಂಪತಿ ಬಂದದ್ದು ಇದು ಎರಡನೇ ಸಲ. ಹೋದ ಸಲ ಇಬ್ಬರೂ ಮೈಮರೆತು ಈಜಿದ್ದರು. ಆಮೇಲೆ ಕ್ಯಾನ್ಸರ್ ಬಂದು ಅವಳ ಎಡ ಸ್ತನವನ್ನು ತೆಗೆಯಬೇಕಾಯಿತು.

ಈಗ ಅವಳು ಬಟ್ಟೆ ಕಳಚಿ ಮರಳಿಗಿಳಿದದ್ದೇ ತಡ, ಶ್ರೀಕಂಠ ನಾಚಿಕೆಯಿಂದ ಕುಗ್ಗಿಹೋದ. ಟವೆಲ್ಲು ಹಿಡಿದು ಹಿಂದೆಯೇ ಓಡಿದ.

"ಹೊದ್ಕೊಳ್ಳೇ, ಎಲ್ರೂ ನೋಡ್ತಾರೆ."

"ನೋಡ್ಲಿ ಬಿಡಿ."

ನೀರಿನಲ್ಲಿದ್ದ ಬಿಳಿಗೂದಲ ಮುದುಕಿಯೊಬ್ಬಳು ನಗುತ್ತಾ, ಬಾ ಎಂದು ಮಂದಾಕಿನಿಗೆ ಕೈಬೀಸಿದಳು.

ಶ್ರೀಕಂಠ ತಲೆ ತಗ್ಗಿಸಿಯೇ ಅಂದ, "ನನಗೋಸ್ಕರ ಅಲ್ಲ ಕಣೇ. ಜನ ನೋಡಿದ್ರೆ ನಿನಗೆ ನೋವಾಗುತ್ತಲ್ಲ ಅಂತ."

ಮಂದಾಕಿನಿ ಟವೆಲ್ಲನ್ನು ಮೆಲ್ಲಗೆ ಅವನ ಹೆಗಲಿಗೇ ಹಾಕಿದಳು.

"ಜನ ನೋಡಿದ್ರೆ ನನಗೇನೂ ನೋವಿಲ್ಲ ರೀ. ವರ್ಷ ಆಯ್ತು, ನೀವೇ ನೋಡಿಲ್ಲ."