ಉಪ್ಪಳದ ಮಿಲ್ಲಿಗೊಬ್ಬ ರೈಟರು

"ಓದಿದ್ದು ಸಾಕಷ್ಟಾಯಿತು. ಅಕ್ಕಿ ಮಿಲ್ಲಿನ ಧೂಳು ಕುಡಿದು ಗೊತ್ತುಂಟಾ?"

ಚೆನ್ನಪ್ಪ ಶೆಟ್ಟರು ಎದುರು ನಿಂತ ಪುರಂದರನ ಮುಖ ನೋಡದೆ ಕೇಳಿದರು. ಲೆಕ್ಕ ಬರೆಯುವ ರೈಟರ ಕೆಲಸ ಕೇಳಿಕೊಂಡು ಬೆಳಗ್ಗಿನಿಂದ ಬಂದ ಉಳಿದವರನ್ನೆಲ್ಲ ಕೂರಿಸಿ ಮಾತಾಡಿಸಿದ್ದರು. ಇವನಿಗೆ ಮಾತ್ರ ಬೆಂಚು ತೋರಿಸಲಿಲ್ಲ.

ಪಕ್ಕದಲ್ಲಿ ಲೋಕನಾಥ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಆಸ್ತಿಯೆಲ್ಲ ಸೋದರಳಿಯನಿಗೇ ಹೋಗುವ ಅಳಿಯಕಟ್ಟಿನ ಕುಟುಂಬ. ಇಂದು ಮಿಲ್ಲು ಶೆಟ್ಟರ ಯಜಮಾನಿಕೆಯಲ್ಲಿದ್ದರೂ ನಾಳೆ ಅವರ ಅಕ್ಕನ ಮಗನಾದ ಲೋಕನಾಥನದೇ. ರೈಟರನ್ನು ನೇಮಿಸುವುದಾದರೆ ತನ್ನ ಕಣ್ಣೆದುರೇ ಆಗಬೇಕೆಂದು ಹಟ ಹಿಡಿದವನೂ ಅವನೇ. ಹಿರಿಯರ ಮೇಲೆ ಅಷ್ಟೊಂದು ನಂಬಿಕೆ!

"ಕಲಿಯುತ್ತೇನೆ," ಎಂದ ಪುರಂದರ.

"ಮಂಗಳೂರಿಗೆ ಕಳಿಸಿ ಇಂಟರ್ ಓದಿಸಿದವನಿಗೆ ಬುದ್ಧಿ ಇರಲಿಲ್ಲವಾ?"

"ಅವರಿಗೆ ಆಸೆ ಇತ್ತು."

ಲೋಕನಾಥ ನಕ್ಕ. ಶೆಟ್ಟರು ನಗಲಿಲ್ಲ.

"ಸಂಬಳ ಎಷ್ಟು ಬೇಕು?"

"ತಿಂಗಳಿಗೆ ಮೂವತ್ತು ರೂಪಾಯಿ."

"ಮೂವತ್ತಾ!" ಶೆಟ್ಟರು ಮೇಜು ಗುದ್ದಿದರು. "ನಿನ್ನ ಪ್ರಾಯದಲ್ಲಿ ನಾನು ಇಲ್ಲೇ ಅಕ್ಕಿಮುಡಿ ಹೊತ್ತವ. ನನ್ನ ಸೋದರಮಾವನ ಹತ್ತಿರ ಸಂಬಳ ಅಂತ ಬಾಯಿ ತೆರೆದವನಲ್ಲ. ಈಗಿನ ಹುಡುಗರಿಗೆ ಕೆಲಸ ಆಮೇಲೆ, ಸಂಬಳ ಮೊದಲು."

"ನಿಮಗೆ ಮಿಲ್ಲು ಸಿಗುವುದಿತ್ತು, ಯಜಮಾನರೇ. ನನಗೆ ಸಿಗುವುದು ಸಂಬಳ ಮಾತ್ರ."

ಶೆಟ್ಟರ ಮುಖ ಕಪ್ಪಿಟ್ಟಿತು. ಕೆಮ್ಮು ಹತ್ತಿಕೊಂಡಿತು. ಯಾರೂ ಹೇಳದೆಯೇ ಪುರಂದರ ಮೂಲೆಯ ಹೂಜಿಯಿಂದ ನೀರು ಬಗ್ಗಿಸಿ ತಂದಿಟ್ಟ. ಒಂದು ಕೆಲಸಕ್ಕಾಗಿ ಎಷ್ಟೆಲ್ಲ ಬಾಗಬೇಕು!

"ಅಮ್ಮ, ಇಬ್ಬರು ತಂಗಿಯಂದಿರು ಇದ್ದಾರೆ," ಎಂದ. "ಈಗಿರುವ ಮನೆಯೂ ನಮ್ಮದಲ್ಲ. ಯಾವತ್ತು ಹೊರಡಿ ಅಂತಾರೋ ಗೊತ್ತಿಲ್ಲ. ಅದರೊಳಗೆ ಬಾಡಿಗೆಗೆ ಒಂದು ಬಿಡಾರ ನೋಡಬೇಕು."

ಲೋಕನಾಥ ತನ್ನ ಉಗುರು ನೋಡಿಕೊಂಡ. "ಹದಿನೈದು ಸಾಕು, ಮಾವ. ಬೇಕಾದರೆ ಬರಲಿ."

ಶೆಟ್ಟರು ಕಿಟಕಿಯತ್ತ ಮುಖ ತಿರುಗಿಸಿದರು. ಮೂವತ್ತೆನ್ನುವ ಧೈರ್ಯ ಅವರಿಗಿರಲಿಲ್ಲ.

"ಹದಿನೈದು," ಎಂದರು ಕೊನೆಗೆ. "ನಾಳೆ ಏಳು ಗಂಟೆಗೆ ಬಾ. ತಡವಾದರೆ ಬರುವುದೇ ಬೇಡ."

ಅವಮಾನದಿಂದ ಪುರಂದರನ ಕಣ್ಣು ಉರಿಯಿತು. ಆದರೂ ಒಪ್ಪಿದ, ಒಪ್ಪದೆ ಬೇರೆ ದಾರಿ ಇರಲಿಲ್ಲ. ಇಬ್ಬರಿಗೂ ಕೈಮುಗಿದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದವನು ಬಾಗಿಲಲ್ಲಿ ಒಮ್ಮೆ ನಿಂತು ಶೆಟ್ಟರತ್ತ ತಿರುಗಿದ.

"ಊಟಕ್ಕೆ ಬೇಗ ಬನ್ನಿ, ಅಪ್ಪ. ಬೆಳಗ್ಗೆ ನೀವು ಎಂತದೂ ತಿನ್ನದೆ ಬಂದದ್ದು ಅಂತ ಅಮ್ಮ ಕಾಯ್ತಾ ಇದ್ದಾರೆ."