ಗಂಜಿ ಕುಡಿಸಿದ ಹಾಯಿ

ಈ ಸಂಗತಿಯನ್ನು ಮೊದಲು ಹೇಳಿದವರು ಕರಜಗಿಯ ಕಲ್ಲಣ್ಣನವರು. ಹೇಳಿದ್ದು ೧೯೩೭ರಲ್ಲಿ, ಸುಗ್ಗಿ ಮುಗಿದ ಮೇಲಿನ ಒಂದು ಸಂಜೆ, ಊರ ಚಾವಡಿಯ ಕಟ್ಟೆಯ ಮೇಲೆ. ನಡೆದದ್ದು ಅದಕ್ಕೂ ಏಳೆಂಟು ವರ್ಷ ಹಿಂದೆ, ಸೊಲ್ಲಾಪುರದ ಹೊರಗಿನ ಹಿಪ್ಪರಗಾ ಕೆರೆಯಲ್ಲಿ. ಕಂದಲಗಾಂವ ಎಂಬ ಊರಿನವರು ಇದನ್ನು ಹೇಳುವಾಗ ದೋಣಿಯಲ್ಲಿ ನಾಲ್ವರಿರುತ್ತಾರೆ. ಕಲ್ಲಣ್ಣನವರ ಕಥೆಯಲ್ಲಿ ಇಬ್ಬರೇ.

ಆ ಆದಿತ್ಯವಾರ ಬಟ್ಟೆ ಗಿರಣಿಯ ಕಾಮಗಾರರ ಹಾಯಿದೋಣಿ ಸಂಘದ ಹಣೆಬರಹ ತೀರ್ಮಾನವಾಗಬೇಕಿತ್ತು. ಅದುವರೆಗೆ ಆ ಕೆರೆಯಲ್ಲಿ ಹಾಯಿ ಬಿಚ್ಚಿದವರು ಸಾಹೇಬರು ಮಾತ್ರ. ಗಿರಣಿಯ ಜನ ಯಂತ್ರ ಬಂದ ಪೆಟ್ಟಿಗೆಗಳ ಹಲಗೆ ಜೋಡಿಸಿ, ಡಾಂಬರು ಬಳಿದು, ತಾವೇ ಒಂದು ದೋಣಿ ಕಟ್ಟಿಕೊಂಡಾಗ ಕೆರೆಯ ಉಸ್ತುವಾರಿಯ ಸಾಹೇಬ ಒಂದು ಷರತ್ತು ಹಾಕಿದ. ಹುಟ್ಟು ಮುಟ್ಟದೆ, ಹಾಯಿಯೊಂದನ್ನೇ ನಂಬಿ ಆಚೆ ದಂಡೆಗೆ ಹೋಗಿ ಬಂದರೆ ಪರವಾನಗಿ. ಇಲ್ಲವಾದರೆ ದೋಣಿ ಜಪ್ತಿ, ಸಂಘ ಬಂದ್.

ಚುಕ್ಕಾಣಿ ಹಿಡಿದವನು ಶಾಂತಲಿಂಗಪ್ಪ, ಗಿರಣಿಯಲ್ಲಿ ಬಟ್ಟೆಗೆ ಗಂಜಿ ಹಾಕುವ ಖಾತೆಯ ಹಿರಿಯಾಳು. ಗಂಜಿ ಕುಡಿಯದ ಬಟ್ಟೆಯನ್ನು ಆತ ಬಟ್ಟೆಯೆಂದೇ ಒಪ್ಪುತ್ತಿರಲಿಲ್ಲ. ಗಿರಣಿ ಹೊರಗೆಸೆದ ಸಡಿಲ ನೇಯ್ಗೆಯ ತುಂಡುಗಳನ್ನು ಹಾಯಿಯ ಹಗ್ಗ ಹಿಡಿಯಲು ಜೊತೆಗೆ ಬಂದ ನೇಕಾರ ಪೀರಪ್ಪನ ಹೆಂಡತಿ ದ್ರೌಪದಿ ಹಾಯಿಯಾಗಿ ಹೊಲಿದುಕೊಟ್ಟಿದ್ದಳು. ಶಾಂತಲಿಂಗಪ್ಪ ಅದಕ್ಕೆ ಮೇಲಿಂದ ಮೇಲೆ ಗಂಜಿ ಕುಡಿಸಿ ಒಣಗಿಸಿದ್ದ. ಬೆರಳಿಂದ ಬಡಿದರೆ ಹಲಗೆಯ ಸದ್ದು ಬರುತ್ತಿತ್ತು. ಆಚೆ ದಂಡೆಯವರೆಗೆ ಆ ಹಾಯಿ ದೋಣಿಯನ್ನು ಕುದುರೆಯಂತೆ ಒಯ್ದಿತು. ಈಚೆ ನಿಂತವರು ಸಿಳ್ಳೆ ಹಾಕಿದರು.

ಮರಳುವಾಗ ಕೆರೆಯ ನಡುವೆ, ಬೆನ್ನ ಹಿಂದಿನಿಂದ ಗಾಳಿಮಳೆ ಬಂತು. ಹಾಯಿಯಿಂದ ಬೆಳ್ಳಗೆ ಏನೋ ಇಳಿದು, ಹಗ್ಗ ಹಿಡಿದು ಕೂತ ಪೀರಪ್ಪನ ಮೀಸೆಯ ಮೇಲೆ ಹರಿಯಿತು. ಆತ ನಾಲಿಗೆ ಚಾಚಿ ರುಚಿ ನೋಡಿದ.

"ಕಾಕಾ, ನಿಮ್ಮ ಗಂಜಿ ಇಳದು ಬರಾಕತ್ತದ. ಇವತ್ತ ಕೆರಿ ಮೀನಕ್ಕೆಲ್ಲಾ ಹಬ್ಬರಿ!"

"ಬಾಯಿ ಮುಚ್ಚಿ ಹಗ್ಗಾ ಹಿಡಿಯೋ!"

ಗಂಜಿ ತೊಳೆದುಹೋದ ಬಟ್ಟೆ ಜರಡಿಯಾಯಿತು. ಮುಂದಿನ ಬೀಸುಗಾಳಿಗೆ ಮೇಲಿನಿಂದ ಕೆಳಗಿನವರೆಗೂ ಸೀಳಿಹೋಯಿತು. ಹುಟ್ಟುಗಳು ಕಾಲ ಬಳಿಯೇ ಬಿದ್ದಿದ್ದವು. ಶಾಂತಲಿಂಗಪ್ಪ ಅವನ್ನು ನೋಡಿದ, ಮುಟ್ಟಲಿಲ್ಲ. ವಾರವೆಲ್ಲ ಗಿರಣಿಯ ಹಬೆಯಲ್ಲಿ ಬೆಂದವರು ಒಂದು ದಿನ ತಣ್ಣಗೆ ಉಸಿರಾಡಲೆಂದು ಕಟ್ಟಿಕೊಂಡ ದೋಣಿ. ಅದು ಈಗ ಆತನ ಗಂಜಿಯ ಹೆಮ್ಮೆಯಿಂದಲೇ ಸಾಹೇಬನ ಪಾಲಾಗುವುದರಲ್ಲಿತ್ತು.

"ನನ್ನ ಧೋತರಾ ಬಿಚ್ಚಿ ಕಟ್ಟಲೇನ್ರಿ?" ಎಂದ ಪೀರಪ್ಪ.

"ಅದೂ ನಮ್ಮ ಗಿರಣೀದಽ. ಹಂಗಽ ಹರೀತದ. ಮತ್ತ ದಂಡಿ ಮ್ಯಾಲ ಹೆಣ್ಮಕ್ಕಳು ನಿಂತಾರ, ಸುಮ್ಮ ಕುಂದ್ರು."

ಶಾಂತಲಿಂಗಪ್ಪನ ತಲೆಯ ಮೇಲೆ ರುಮಾಲಿತ್ತು. ಕರಜಗಿಯ ಕೈಮಗ್ಗದ ದಟ್ಟ ನೇಯ್ಗೆ. ಬಿಚ್ಚಿ ಹರವಿದರೆ ಇಬ್ಬರು ಮಲಗುವಷ್ಟು ಚೌಕ. ಆತನ ಬಟ್ಟೆಗಳಲ್ಲಿ ಗಂಜಿ ಕಾಣದ್ದು ಅದೊಂದೇ. ಆದರೆ ಆ ಸೀಮೆಯ ಗಂಡಸು ನಾಲ್ಕು ಜನರೆದುರು ರುಮಾಲು ತೆಗೆಯುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಆತನ ಕೈ ತಲೆಗೆ ಹೋಯಿತು.

"ಕಾಕಾ, ಬ್ಯಾಡ್ರಿ! ಊರ ಮಂದಿ ಎಲ್ಲಾ ನೋಡಾಕ ಬಂದಾರ."

"ನೋಡ್ಲಿ. ನೀ ತೆಳಗ ಮಲಕೊಂಡು ಎರಡೂ ತುದಿ ಬಿಗಿ ಹಿಡಿ. ಬಿಟ್ಟೀ ಅಂದ್ರ ನಿನ್ನಽ ಕೆರಿಗಿ ಒಗೀತೀನಿ."

ರುಮಾಲಿನ ಮೇಲಿನ ಎರಡು ತುದಿಗಳನ್ನು ಹಾಯಿ ಕಟ್ಟುವ ಅಡ್ಡಗೋಲಿಗೆ ಬಿಗಿದರು. ಕೆಳಗಿನ ಎರಡನ್ನು ಹಿಡಿದು ಪೀರಪ್ಪ ದೋಣಿಯ ತಳದಲ್ಲಿ ಅಂಗಾತ ಮಲಗಿದ. ರುಮಾಲು ಒಮ್ಮೆ ಪಟಪಟನೆ ಬಡಿದುಕೊಂಡು, ಗಾಳಿ ತುಂಬಿ ಉಬ್ಬಿತು. ದೋಣಿ ಹೊರಟಿತು.

ದಂಡೆಯ ಮೇಲಿದ್ದವರಿಗೆ ಕಂಡದ್ದೇ ಬೇರೆ. ಹೋಗುವಾಗ ಇಬ್ಬರು, ಬರುವಾಗ ಒಬ್ಬ. ಆ ಒಬ್ಬನೂ ಬರಿದಲೆ. ದ್ರೌಪದಿ ಎದೆ ಬಡಿದುಕೊಂಡು ಗೋಳಿಟ್ಟಳು, ಉಳಿದ ಹೆಂಗಸರು ದನಿಗೂಡಿಸಿದರು. ಆ ಅಳುವಿನ ಅರ್ಥ ಹಿಡಿದ ಸಾಹೇಬ ತನ್ನ ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡು ನಿಂತ.

ದೋಣಿಯ ಮೂತಿ ಮಣ್ಣಿಗೆ ತಾಗಿತು. ತಳದಿಂದ ಪೀರಪ್ಪ ಎದ್ದ, ಮುಖವೆಲ್ಲ ಗಂಜಿ.

"ಯಾರಿಗೆ ಅಳಾಕತ್ತೀಯೇ?"

"ನಿಮಗಽ ಅಳಾಕತ್ತೀನಿ!" ಎಂದಳು ದ್ರೌಪದಿ. "ಸತ್ತಿಲ್ಲಂದ್ರ ಮೊದಲಽ ಹೇಳಬಾರದೇನ್ರಿ?"

ದಂಡೆಯಲ್ಲಿ ಸಾಹೇಬ ಬರಿದಲೆ, ದೋಣಿಯಲ್ಲಿ ಶಾಂತಲಿಂಗಪ್ಪ ಬರಿದಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಾಹೇಬ ಸೀಳಿದ ಹಾಯಿಯನ್ನು ನೋಡಿದ, ಅಡ್ಡಗೋಲಿಗೆ ಕಟ್ಟಿದ ರುಮಾಲನ್ನು ನೋಡಿದ. ಟೊಪ್ಪಿಗೆ ಹಾಕಿಕೊಳ್ಳುವುದನ್ನು ಮರೆತು, ಪರವಾನಗಿ ಕೊಟ್ಟೆನೆಂದ.

ಸಂಘಕ್ಕೆ ಬೇರೆ ಹಾಯಿ ಇರಲಿಲ್ಲ. ರುಮಾಲು ದೋಣಿಯಲ್ಲೇ ಉಳಿಯಿತು. ಶಾಂತಲಿಂಗಪ್ಪ ಸೊಲ್ಲಾಪುರದ ಪೇಟೆಯ ನಡುವೆ ಬರಿದಲೆಯಲ್ಲೇ ಮನೆಗೆ ನಡೆದ. ದಾರಿಯುದ್ದಕ್ಕೂ ಜನ ತಡೆದು, "ಯಾರು ಹೋದ್ರೋ ಯಪ್ಪಾ?" ಎಂದು ಮರುಗಿ ಕೇಳಿದರು.

"ಯಾರೂ ಹೋಗಿಲ್ರಿ," ಎನ್ನುತ್ತಿದ್ದನಂತೆ ಆತ. "ದ್ವಾಣಿ ಬಂದದ."

ಕಲ್ಲಣ್ಣನವರು ಅಷ್ಟಕ್ಕೇ ನಿಲ್ಲಿಸಿದರು. ಕಟ್ಟೆಯ ಮೇಲಿದ್ದವರು ಕಂಬಳಿ ಕೊಡವಿ ಎದ್ದರು. ಒಬ್ಬಿಬ್ಬರು ತಮ್ಮ ತಲೆಯ ರುಮಾಲನ್ನು ಮುಟ್ಟಿ ನೋಡಿಕೊಂಡು, ಮನೆಯ ದಾರಿ ಹಿಡಿದರು.