ಮಂತ್ರಿಗಳ ರಿಬ್ಬನ್

ಸಿಸ್ಟರ್ ಎನ್ಯೊನಾಮ್ ಯಂತ್ರಕ್ಕೆ ಸುತ್ತಿದ್ದ ರಿಬ್ಬನ್ನಿಗೆ ಕತ್ತರಿ ಹಾಕುವಷ್ಟರಲ್ಲಿ, ಮಂಚದ ಮೇಲೆ ಮಲಗಿದ್ದ ಆಸ್ಪತ್ರೆಯ ಆಡಳಿತಾಧಿಕಾರಿ ಅಮೆನುವೋರ್ ಅವಳ ಕೈ ಹಿಡಿದುಕೊಂಡ. ಅವನ ಎದೆ ಹಿಂಡುತ್ತಿತ್ತು, ಹೊಸ ಸೂಟೆಲ್ಲ ಬೆವರಿನಿಂದ ತೊಯ್ದಿತ್ತು.

“ಬೇಡ ಸಿಸ್ಟರ್, ಮಂತ್ರಿಗಳೇ ಕತ್ತರಿಸ್ಬೇಕು. ಇನ್ನೇನು ಬಂದ್ಬಿಡ್ತಾರೆ.”

“ಬೆಳಿಗ್ಗೆ ಒಂಬತ್ತರಿಂದ ಇದೇ ಹೇಳ್ತಿದೀರ ಸಾರ್. ಎಡಗೈ ನೋಯ್ತಿದೆಯಾ?”

“ನೋಯ್ತಿದೆ. ಇನ್ನರ್ಧ ಗಂಟೆ ತಡ್ಕೋತೀನಿ.”

ಹೃದಯಾಘಾತದಿಂದ ಜನ ಸಾಯಬಾರದೆಂದು ಘಾನಾ ಸರ್ಕಾರ ಕಳಿಸಿದ ಇಸಿಜಿ ಯಂತ್ರ ಈ ಜಿಲ್ಲಾಸ್ಪತ್ರೆಗೆ ಬಂದು ಏಳು ವಾರವಾಗಿತ್ತು. ಉದ್ಘಾಟನೆಯಾಗುವವರೆಗೆ ಯಾರೂ ಮುಟ್ಟಕೂಡದೆಂದು ಅದಕ್ಕೆ ರಿಬ್ಬನ್ ಸುತ್ತಿಸಿದವನು ಅಮೆನುವೋರನೇ. ಮೀನು ಮಾರುವ ಮಾವುಸಿ ಎಂಬಾಕೆ ಇದೇ ಮಂಚದ ಮೇಲೆ ಎದೆ ಹಿಡಿದುಕೊಂಡು ಒದ್ದಾಡಿ ಸತ್ತ ದಿನವೂ ಬಾಗಿಲಲ್ಲಿ ನಿಂತು, “ಮಂತ್ರಿಗಳು ಬರಲಿ,” ಎಂದಿದ್ದ. ಈಗ ಹೊರಗೆ ಶಾಮಿಯಾನದಲ್ಲಿ ಊರಿನ ಮುಖ್ಯಸ್ಥರು ತಮ್ಮ ದೊಡ್ಡ ಛತ್ರಿಯ ಕೆಳಗೆ ತೂಕಡಿಸುತ್ತಿದ್ದರು. ಬ್ಯಾಂಡಿನವರು ಒಂದೇ ಹಾಡನ್ನು ನಾಲ್ಕನೆಯ ಸಲ ಊದುತ್ತಿದ್ದರು.

‘ಹಾಗಿದ್ರೆ ಕಾಯ್ತಾ ಬಿದ್ದಿರಿ’ ಎಂದು ಕತ್ತರಿ ಎಸೆದು ಹೋಗಿಬಿಡೋಣ ಎನಿಸಿತು ಎನ್ಯೊನಾಮಳಿಗೆ. ಅಂಥ ಯೋಚನೆ ತನಗೆ ಬಂದಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಅವನ ಕೈ ಕೊಡವಿ, ರಿಬ್ಬನ್ನನ್ನು ಕಚಕ್ಕನೆ ಕತ್ತರಿಸಿದಳು. ಯಂತ್ರದ ತಂತಿಗಳನ್ನು ಅವನ ಎದೆಗೆ ಅಂಟಿಸಿ, ಅಗಿಯಲು ಆಸ್ಪಿರಿನ್ ಕೊಟ್ಟಳು. ಹೊರಬಂದ ಕಾಗದದ ಗೆರೆಗಳನ್ನು ನೋಡಿದವಳೇ ಡಾಕ್ಟರನ್ನು ಕೂಗಲು ಬಾಗಿಲಿಗೆ ಓಡಿದಳು.

ದೂರದಲ್ಲಿ ಮಂತ್ರಿಗಳ ಕಾರಿನ ಸೈರನ್ ಕೇಳಿಸಿತು. ತಿರುಗಿ ನೋಡಿದರೆ, ಅಮೆನುವೋರ್ ಮಾತ್ರೆ ಅಗಿಯುತ್ತ, ಎದೆಯ ತಂತಿಗಳ ಸಮೇತ ಯಂತ್ರದ ಕಡೆಗೆ ಬಾಗಿ, ರಿಬ್ಬನ್ನಿನ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕುತ್ತಿದ್ದ.